ಕರೆದಾತನು ನಂಬಿಗಸ್ತನು: ಕ್ರಿಸ್ತನ ಅನ್ಯೋನ್ಯತೆಯಲ್ಲಿ ನಮ್ಮ ಪಾಲು

(ಯೌವನಸ್ಥರ ಕೂಟದಲ್ಲಿ ಹಂಚಿಕೊಂಡ ಸಂದೇಶದ ಬರಹರೂಪ)

ಧ್ಯಾನಭಾಗ: 1 ಕೊರಿಂಥದವರಿಗೆ 1:4-10

ಟ್ರಾಫಿಕ್ ದಾಟಿಕೊಂಡು, ಶಿಫ್ಟ್ ಮುಗಿಸಿಕೊಂಡು, ಪಿಜಿಯಿಂದ, ಹಾಸ್ಟೆಲ್‌ನಿಂದ ಬಂದು ಕೂತಿದ್ದೀರಿ. ನಿಮ್ಮನ್ನು ಇಲ್ಲಿಯವರೆಗೆ ಕರೆತಂದ ದೇವರಿಗೆ ಸ್ತೋತ್ರ. ಬೈಬಲ್ ತೆರೆಯಿರಿ. ಮೊಬೈಲ್‌ನಲ್ಲಿ ಓದುವವರು ನೋಟಿಫಿಕೇಶನ್ ಆಫ್ ಮಾಡಿ, ಇಲ್ಲದಿದ್ದರೆ ಪೌಲನ ಪತ್ರಕ್ಕಿಂತ ಮುಂಚೆ ವಾಟ್ಸಾಪ್ ಪತ್ರ ಬರುತ್ತೆ.

ಇವತ್ತು ಮುಖ್ಯವಾಗಿ ಒಂಬತ್ತನೇ ವಚನವನ್ನು ಧ್ಯಾನಿಸೋಣ. ಅದರಲ್ಲಿ ಎರಡು ಸತ್ಯಗಳಿವೆ. ಒಂದು, ದೇವರು ನಂಬಿಗಸ್ತನು. ಎರಡು, ಆತನು ನಮ್ಮನ್ನು ತನ್ನ ಮಗನ ಅನ್ಯೋನ್ಯತೆಗೆ ಕರೆದಿದ್ದಾನೆ. ಈ ಎರಡರಲ್ಲಿ ಯಾವುದು ಯಾವುದರ ಮೇಲೆ ನಿಂತಿದೆ? ನಮ್ಮಲ್ಲಿ ಬಹಳ ಜನ ತಲೆಕೆಳಗಾಗಿ ಓದಿಕೊಳ್ಳುತ್ತೇವೆ. "ನಾನು ಅನ್ಯೋನ್ಯತೆಯಲ್ಲಿ ಚೆನ್ನಾಗಿದ್ದರೆ ದೇವರು ನನಗೆ ನಂಬಿಗಸ್ತನಾಗಿರುತ್ತಾನೆ" ಅಂದುಕೊಳ್ಳುತ್ತೇವೆ. ಪೌಲನು ಹೇಳಿದ್ದು ಅದಲ್ಲ. ದೇವರು ನಂಬಿಗಸ್ತನು, ಆದ್ದರಿಂದಲೇ ನೀನು ಅನ್ಯೋನ್ಯತೆಯಲ್ಲಿದ್ದೀಯ. ಅಡಿಪಾಯ ಆತನ ಕಡೆಯದು, ನಮ್ಮ ಕಡೆಯದಲ್ಲ. ಇದನ್ನು ಹಿಡಿದುಕೊಂಡರೆ ಇವತ್ತಿನ ಸಂದೇಶ ಹಿಡಿದುಕೊಂಡ ಹಾಗೆ.

1. ಈ ಮಾತನ್ನು ಯಾರಿಗೆ ಬರೆದದ್ದು?

ಕೊರಿಂಥ ಎಂಥ ಊರು ಅಂತ ಸ್ವಲ್ಪ ತಿಳಿದುಕೊಳ್ಳೋಣ. ಕ್ರಿ.ಪೂ. 146ರಲ್ಲಿ ರೋಮನ್ನರು ಆ ಪಟ್ಟಣವನ್ನು ನೆಲಸಮ ಮಾಡಿದರು. ನೂರು ವರ್ಷದ ಮೇಲೆ, ಕ್ರಿ.ಪೂ. 44ರಲ್ಲಿ, ಜೂಲಿಯಸ್ ಸೀಸರ್ ಅದನ್ನು ರೋಮನ್ ವಸಾಹತಾಗಿ ಮತ್ತೆ ಕಟ್ಟಲು ಆಜ್ಞೆ ಕೊಟ್ಟ. ಎರಡು ಕಡೆ ಎರಡು ಬಂದರುಗಳು, ನಡುವೆ ವ್ಯಾಪಾರ. ಬಿಡುಗಡೆಯಾದ ಗುಲಾಮರು, ವ್ಯಾಪಾರಿಗಳು, ಕುಶಲಕರ್ಮಿಗಳು ಎಲ್ಲೆಲ್ಲಿಂದಲೋ ಬಂದು ಸೇರಿದ ಊರು. ಅಲ್ಲಿ ನಿಮ್ಮ ತಾತ ಯಾರು ಅನ್ನುವುದಕ್ಕಿಂತ ನೀವು ಎಷ್ಟು ಸಂಪಾದಿಸುತ್ತೀರಿ ಅನ್ನುವುದು ದೊಡ್ಡದು. ನಮ್ಮ ಬೆಂಗಳೂರಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ ಅಲ್ವಾ?

ಅಪೊಸ್ತಲರ ಕೃತ್ಯಗಳು 18ರಲ್ಲಿ ನೋಡಿ. ಪೌಲನು ಅಲ್ಲಿಗೆ ಬಂದಾಗ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಸಿಕ್ಕಿದರು. ಅವರೂ ಆ ಊರಿನವರಲ್ಲ. ಚಕ್ರವರ್ತಿ ಕ್ಲೌದ್ಯನು ಯೆಹೂದ್ಯರನ್ನು ರೋಮಿನಿಂದ ಹೊರಡಿಸಿದ್ದರಿಂದ ಬಂದವರು. ಮೂವರೂ ಗುಡಾರ ಮಾಡುವ ಕೆಲಸದವರು. ವಾರವೆಲ್ಲಾ ಕೆಲಸ, ಸಬ್ಬತ್ತಿನಲ್ಲಿ ಸುವಾರ್ತೆ. ನಾನೂ ಸೋಮವಾರದಿಂದ ಶುಕ್ರವಾರ ಆಫೀಸಿಗೆ ಹೋಗುವವನು, ಅದಕ್ಕೇ ಈ ಅಧ್ಯಾಯ ನನಗೆ ತುಂಬ ಹತ್ತಿರ. ಪೌಲನು ಅಲ್ಲಿ ಒಂದೂವರೆ ವರ್ಷ ಇದ್ದ. ಗಲ್ಲಿಯೋನನು ಅಖಾಯದ ಅಧಿಪತಿಯಾಗಿದ್ದಾಗ ಪೌಲನನ್ನು ನ್ಯಾಯಸ್ಥಾನಕ್ಕೆ ಎಳೆದುಕೊಂಡು ಹೋದರು ಅಂತ ಅದೇ ಅಧ್ಯಾಯದಲ್ಲಿದೆ. ಗ್ರೀಸ್ ದೇಶದ ಡೆಲ್ಫಿಯಲ್ಲಿ ಸಿಕ್ಕ ಒಂದು ಶಾಸನದಲ್ಲಿ ಈ ಗಲ್ಲಿಯೋನನ ಹೆಸರಿದೆ. ಆದ್ದರಿಂದ ಇದು ಕ್ರಿ.ಶ. 51ರ ಆಸುಪಾಸು ನಡೆದದ್ದು ಅಂತ ಲೆಕ್ಕ ಸಿಗುತ್ತದೆ. ಇದು ಕಟ್ಟುಕಥೆ ಅಲ್ಲ, ನಿಜವಾದ ಊರಿನ ನಿಜವಾದ ಸಭೆ.

ಈಗ ಆ ಸಭೆಯ ಸ್ಥಿತಿ ನೋಡಿ. ಕೃಪಾವರಗಳಲ್ಲಿ ಅವರಿಗೆ ಏನೂ ಕಡಿಮೆ ಇರಲಿಲ್ಲ, ಏಳನೇ ವಚನ. ಅನ್ಯಭಾಷೆ ಇತ್ತು, ಪ್ರವಾದನೆ ಇತ್ತು. ಅದೇ ಸಭೆಯಲ್ಲಿ ಗುಂಪುಗಾರಿಕೆ ಇತ್ತು, ಒಬ್ಬ ಪೌಲನ ಕಡೆ, ಒಬ್ಬ ಅಪೊಲ್ಲೋಸನ ಕಡೆ. ಐದನೇ ಅಧ್ಯಾಯದಲ್ಲಿ ಹೊರಗಿನವರೂ ನಾಚಿಕೊಳ್ಳುವಂಥ ಪಾಪ. ಆರನೇ ಅಧ್ಯಾಯದಲ್ಲಿ ಸಹೋದರರ ಮಧ್ಯೆ ಕೋರ್ಟ್ ಕೇಸು. ಹನ್ನೊಂದನೇ ಅಧ್ಯಾಯದಲ್ಲಿ ಕರ್ತನ ಭೋಜನಕ್ಕೆ ಬಂದವರಲ್ಲಿ ಒಬ್ಬ ಹಸಿದಿದ್ದಾನೆ, ಇನ್ನೊಬ್ಬ ಕುಡಿದು ಮತ್ತನಾಗಿದ್ದಾನೆ.

ಹತ್ತನೇ ವಚನದಿಂದ ಪೌಲನು ಗದರಿಸಲು ಶುರುಮಾಡುತ್ತಾನೆ. ಆದರೆ ಗದರಿಕೆಗೆ ಮುಂಚೆ ಬಂದ ಕೊನೆಯ ಮಾತು ಯಾವುದು? ಒಂಬತ್ತನೇ ವಚನ. ಅದರ ಒಂದು ಪಕ್ಕದಲ್ಲಿ ಅವರ ವರಗಳಿವೆ, ಇನ್ನೊಂದು ಪಕ್ಕದಲ್ಲಿ ಅವರ ಜಗಳಗಳಿವೆ. ನಡುವೆ ಪೌಲನು ದೇವರ ನಂಬಿಗಸ್ತಿಕೆಯನ್ನು ನಿಲ್ಲಿಸಿದ್ದಾನೆ. ಅವರ ವರಗಳು ಅವರನ್ನು ಅನ್ಯೋನ್ಯತೆಗೆ ಸೇರಿಸಲಿಲ್ಲ. ಅವರ ಜಗಳಗಳು ದೇವರ ಕರೆಯುವಿಕೆಯನ್ನು ರದ್ದುಮಾಡಲಿಲ್ಲ. ಹಾಗಂತ ಆತನು ಅವರ ಪಾಪವನ್ನು ಮುಚ್ಚಿಹಾಕಲೂ ಇಲ್ಲ. ಮನೆಯವನು ಅಂತಲೇ ಗದರಿಸಿದ. ದಾರಿಹೋಕರನ್ನು ಯಾರೂ ಹಾಗೆ ಕೂರಿಸಿಕೊಂಡು ಗದರಿಸುವುದಿಲ್ಲ.

2. ಅನ್ಯೋನ್ಯತೆ ಅಂದರೆ ಏನು?

ನಮ್ಮ ಸಭೆಗಳಲ್ಲಿ "ಫೆಲೋಶಿಪ್" ಅಂದರೆ ಆರಾಧನೆ ಮುಗಿದ ಮೇಲೆ ಟೀ, ಬಿಸ್ಕೆಟ್, ಸ್ವಲ್ಪ ಮಾತು. ಅದೂ ಒಳ್ಳೆಯದೇ. ಆದರೆ ಪೌಲನು ಬಳಸಿದ ಗ್ರೀಕ್ ಪದ "ಕೊಯಿನೋನಿಯ". ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡುವಾಗ ಕಲಿತ ಸ್ವಲ್ಪ ಗ್ರೀಕ್‌ನಲ್ಲಿ ನನ್ನ ಮನಸ್ಸಲ್ಲಿ ಉಳಿದುಕೊಂಡ ಪದ ಇದು. "ಕೊಯಿನೋಸ್" ಅಂದರೆ ಒಬ್ಬನಿಗೇ ಅಲ್ಲ, ಎಲ್ಲರಿಗೂ ಸೇರಿದ್ದು. ಕೊಯಿನೋನಿಯ ಅಂದರೆ ಪಾಲುಗಾರಿಕೆ.

ಲೂಕ 5:10 ನೋಡಿ. ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರು ಸೀಮೋನನ ಪಾಲುಗಾರರು ಅಂತ ಇದೆ. ಅಲ್ಲಿ ಬಳಸಿರುವುದು ಇದೇ ಮೂಲದ ಪದ. ಆ ದಿನ ಏನಾಯಿತು? ಬಲೆ ಹರಿಯುವಷ್ಟು ಮೀನು. ಸೀಮೋನ ಇನ್ನೊಂದು ದೋಣಿಯವರಿಗೆ ಸನ್ನೆ ಮಾಡಿ ಕರೆದ. ಎರಡು ದೋಣಿಯೂ ಮುಳುಗುವ ಹಾಗೆ ತುಂಬಿದವು. ಮೀನಿನಲ್ಲೂ ಪಾಲು, ಭಾರದಲ್ಲೂ ಪಾಲು, ಮುಳುಗುವ ಅಪಾಯದಲ್ಲೂ ಪಾಲು. ಇದು ಅನ್ಯೋನ್ಯತೆ.

ಈಗ ಇದನ್ನು ಕ್ರಿಸ್ತನಿಗೆ ಹೊಂದಿಸಿ ನೋಡಿ. ನಿಮ್ಮಲ್ಲಿ ಕೆಲವರು ಸ್ನೇಹಿತರ ಜೊತೆ ಸೇರಿ ಸಣ್ಣ ಬಿಸಿನೆಸ್ ಶುರುಮಾಡಿದ್ದೀರಿ. ಪಾರ್ಟ್‌ನರ್‌ಶಿಪ್ ಪತ್ರ ಬರೆಯುವಾಗ ಏನು ಕೇಳ್ತಾರೆ? ಯಾರು ಎಷ್ಟು ಬಂಡವಾಳ ಹಾಕ್ತೀರಿ ಅಂತ. ಬರೀ ಸಾಲ ಹೊತ್ತುಕೊಂಡು ಬಂದವನನ್ನು ಯಾರಾದರೂ ಪಾರ್ಟ್‌ನರ್ ಮಾಡಿಕೊಳ್ಳುತ್ತಾರಾ? ಆದರೆ ಇಲ್ಲಿ ಅದೇ ನಡೆದಿದೆ. 1 ಕೊರಿಂಥ 1:30ರ ಪ್ರಕಾರ ಕ್ರಿಸ್ತನೇ ನಮಗೆ ಜ್ಞಾನ, ನೀತಿ, ಪವಿತ್ರತೆ, ವಿಮೋಚನೆ ಎಲ್ಲವೂ ಆದನು. 2 ಕೊರಿಂಥ 5:21ರ ಪ್ರಕಾರ ನಮ್ಮ ಪಾಪ ಆತನ ಮೇಲೆ ಹೋಯಿತು. ಬಂಡವಾಳವೆಲ್ಲ ಆತನದು, ಸಾಲವೆಲ್ಲ ನಮ್ಮದು. ಆದರೂ ತಂದೆ ನಮ್ಮನ್ನು ಪಾಲುಗಾರರಾಗಿ ಕರೆದನು. ಹಲ್ಲೆಲೂಯ!

ಇನ್ನೊಂದು ಕಡೆಯೂ ಇದೆ, ಅದನ್ನು ಮುಚ್ಚಿಡಬಾರದು. ಫಿಲಿಪ್ಪಿ 3:10ರಲ್ಲಿ ಪೌಲನು ಕ್ರಿಸ್ತನ ಪುನರುತ್ಥಾನದ ಬಲವನ್ನು ಬಯಸುತ್ತಾನೆ, ಅದೇ ಉಸಿರಿನಲ್ಲಿ ಆತನ ಬಾಧೆಗಳಲ್ಲಿ ಕೊಯಿನೋನಿಯವನ್ನೂ ಬಯಸುತ್ತಾನೆ. ಮೀನು ಬೇಕು, ಭಾರ ಬೇಡ ಅನ್ನುವವನು ಪಾಲುಗಾರನಲ್ಲ, ಗಿರಾಕಿ. ಸಭೆಗೆ ಗಿರಾಕಿಯಾಗಿ ಬರಬೇಡಿ ತಮ್ಮಂದಿರೇ, ತಂಗಿಯರೇ.

3. ನಂಬಿಗಸ್ತನು ಅಂದರೆ ಏನು?

ನಾವು ದಿನಕ್ಕೆ ಎಷ್ಟು ಸಲ "ಆಮೆನ್" ಹೇಳ್ತೀವಿ? ಈ ಹೀಬ್ರೂ ಪದದ ಮೂಲಕ್ಕೆ ಸ್ಥಿರವಾದದ್ದು, ಆತುಕೊಂಡರೆ ಕುಸಿಯದ್ದು ಅನ್ನುವ ಅರ್ಥವಿದೆ. ಅದೇ ಮೂಲದಿಂದ ಬಂದ "ಎಮುನಾ" ಅನ್ನುವ ಪದಕ್ಕೆ ನಂಬಿಗಸ್ತಿಕೆ ಅಂತ ಅರ್ಥ. ಬೈಬಲಿನಲ್ಲಿ ಈ ಪದ ಮೊದಲು ಬರುವುದು ಎಲ್ಲಿ ಗೊತ್ತಾ? ವಿಮೋಚನಕಾಂಡ 17:12. ಅಮಾಲೇಕ್ಯರ ಮೇಲೆ ಯುದ್ಧ ನಡೆಯುತ್ತಿದೆ. ಗುಡ್ಡದ ಮೇಲೆ ಮೋಶೆಯ ಕೈಗಳು ಸೋತುಹೋಗುತ್ತಿವೆ. ಆರೋನನೂ ಹೂರನೂ ಎರಡು ಕಡೆ ನಿಂತು ಕೈ ಹಿಡಿದುಕೊಂಡರು. ಹೊತ್ತು ಮುಳುಗುವವರೆಗೂ ಆ ಕೈಗಳು "ಎಮುನಾ" ಆಗಿದ್ದವು, ಅಂದರೆ ಅಲುಗಾಡದೆ ನಿಂತವು.

ಮೋಶೆಗೇ ಕೈ ಹಿಡಿಯುವವರು ಬೇಕಾಯಿತು. ಆದರೆ ದೇವರ ಕೈ ಹಿಡಿದುಕೊಳ್ಳಲು ಆರೋನ ಬೇಕಾ? ಹೂರ ಬೇಕಾ? ಬೇಡ. ಆತನ ಕೈ ತಾನಾಗಿಯೇ ಸೋಲದ ಕೈ. 2 ತಿಮೊಥೆಯ 2:13ರಲ್ಲಿ ಪೌಲನು ಇದಕ್ಕೆ ಕಾರಣ ಕೊಡುತ್ತಾನೆ. ನಾವು ಅಪನಂಬಿಗಸ್ತರಾದರೂ ಆತನು ಬದಲಾಗುವುದಿಲ್ಲ, ಯಾಕೆಂದರೆ ಆತನು ತನ್ನನ್ನೇ ಅಲ್ಲಗಳೆಯಲಾರನು. ನಂಬಿಗಸ್ತಿಕೆ ಆತನ ಮೂಡ್ ಅಲ್ಲ, ಆತನ ಸ್ವಭಾವ. ಪೌಲನು ಇದನ್ನು ಬರೆದದ್ದು ಬೇಡಿ ಹಾಕಿಸಿಕೊಂಡು ಸೆರೆಯಲ್ಲಿದ್ದಾಗ.

ಎಂಟನೇ ವಚನವನ್ನೂ ಗಮನಿಸಿ. ಕರ್ತನು ನಿಮ್ಮನ್ನು ಕಡೆಯವರೆಗೆ ದೃಢಪಡಿಸುವನು ಅನ್ನುವ ಅರ್ಥದ ಮಾತು ಅಲ್ಲಿದೆ. ಆ ಗ್ರೀಕ್ ಪದದ ಕುಟುಂಬವನ್ನು ಆ ಕಾಲದ ವ್ಯಾಪಾರದಲ್ಲೂ ಬಳಸುತ್ತಿದ್ದರು. ಮಾರಿದವನು ಕೊಂಡವನಿಗೆ ಕೊಡುವ ಖಾತ್ರಿಗೆ ಆ ಹೆಸರು. ನಮ್ಮ ಫೋನಿನ ವಾರಂಟಿ ಒಂದು ವರ್ಷಕ್ಕೆ ಮುಗಿಯುತ್ತೆ, ನೀರು ಬಿದ್ದರೆ ಅದೂ ಇಲ್ಲ. ದೇವರು ಕೊಟ್ಟ ಖಾತ್ರಿ ಕರ್ತನ ಬರೋಣದ ದಿನದವರೆಗೆ.

4. ಏನೂ ಅನ್ನಿಸದೇ ಇದ್ದಾಗ

ಹೋದ ತಿಂಗಳು ಒಬ್ಬ ತಮ್ಮ ನನ್ನ ಹತ್ತಿರ ಬಂದ. ಅವನ ಒಪ್ಪಿಗೆ ಕೇಳಿಯೇ ಇದನ್ನು ಹೇಳ್ತಾ ಇದ್ದೀನಿ. ರಾತ್ರಿ ಶಿಫ್ಟ್ ಕೆಲಸ. ಊರಲ್ಲಿ ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಸಂಬಳದ ಅರ್ಧ ಅಲ್ಲಿಗೇ ಹೋಗುತ್ತೆ. ಅವನು ಹೇಳಿದ್ದು ಇಷ್ಟೇ: "ಪಾಸ್ಟರ್, ಉಪವಾಸ ಪ್ರಾರ್ಥನೆಯಲ್ಲಿ ಅಭಿಷೇಕ ಆದಾಗ ಎಷ್ಟು ಅತ್ತಿದ್ದೆ. ಈಗ ಮೊಣಕಾಲು ಹಾಕಿದ್ರೆ ಗೋಡೆ ಜೊತೆ ಮಾತಾಡಿದ ಹಾಗೆ ಇರುತ್ತೆ. ಕೈ ಎತ್ತಿ ಆರಾಧನೆ ಮಾಡೋಕೆ ನಾಚಿಕೆ ಆಗುತ್ತೆ, ನಾಟಕ ಮಾಡ್ತಿದೀನಿ ಅನ್ನಿಸುತ್ತೆ. ಇನ್ನು ಬರೋದು ಬಿಡ್ತೀನಿ."

ನಾನು ಅವನನ್ನು ಕೇಳಿದೆ, "ನಿನ್ನನ್ನು ಕರೆದವರು ಯಾರಪ್ಪ?" ಅವನು "ಯೇಸು" ಅಂದ. "ಆತನು ಕರೆದದ್ದನ್ನು ವಾಪಸ್ ತಗೊಂಡಿದ್ದಾನೆ ಅಂತ ಯಾರು ಹೇಳಿದರು?" ಅಂದೆ. ಸುಮ್ಮನಾದ. ಯಾರೂ ಹೇಳಿರಲಿಲ್ಲ. ಅವನ ದಣಿದ ಮೈ ಹೇಳಿತ್ತು, ಅಷ್ಟೇ.

ಪೆಂತೆಕೊಸ್ತ್ ವಿಶ್ವಾಸಿಗಳಾದ ನಾವು ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಬೇಕು. ಆತ್ಮನ ಅಭಿಷೇಕ ನಿಜ. ಕಣ್ಣೀರು ನಿಜ, ಸಂತೋಷ ನಿಜ, ಅನ್ಯಭಾಷೆ ನಿಜ. ಅವು ಅನ್ಯೋನ್ಯತೆಯ ಫಲ, ಬೇರಲ್ಲ. ಚಳಿಗಾಲದಲ್ಲಿ ಮರದಲ್ಲಿ ಹಣ್ಣಿಲ್ಲ ಅಂತ ಬೇರು ಕಿತ್ತುಹೋಯಿತು ಅನ್ನುತ್ತೀರಾ? ಪ್ರಲಾಪಗಳು 3ನೇ ಅಧ್ಯಾಯ ಓದಿ. ಬಾಬೆಲಿನವರು ಯೆರೂಸಲೇಮನ್ನು ಸುಟ್ಟ ಮೇಲೆ ಆ ಬೂದಿಯ ಮಧ್ಯೆ ಹುಟ್ಟಿದ ಮಾತುಗಳವು. ಅದೇ ಅಧ್ಯಾಯದ ಎಂಟನೇ ವಚನದಲ್ಲಿ ತನ್ನ ಪ್ರಾರ್ಥನೆಗೆ ದೇವರು ಕಿವಿ ಮುಚ್ಚಿಕೊಂಡ ಹಾಗಿದೆ ಅಂತ ಬರೆದವನೇ, ಇಪ್ಪತ್ತಮೂರನೇ ವಚನದಲ್ಲಿ ಆತನ ನಂಬಿಗಸ್ತಿಕೆ ದೊಡ್ಡದು ಅಂತ ಅರಿಕೆ ಮಾಡುತ್ತಾನೆ. ಅಲ್ಲಿಯೂ ಇರುವುದು ಅದೇ "ಎಮುನಾ".

ನಮ್ಮದೇ ನಾಡಿಗೆ ಸಂಬಂಧಪಟ್ಟ ಒಬ್ಬ ತಾಯಿಯ ಸಾಕ್ಷಿ ಹೇಳ್ತೀನಿ. ಪಂಡಿತಾ ರಮಾಬಾಯಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ಬರಗಾಲದಲ್ಲಿ ತಂದೆ, ತಾಯಿ, ಅಕ್ಕನನ್ನು ಕಳೆದುಕೊಂಡರು. ನಂತರ ಅಣ್ಣ ಹೋದ. ಮದುವೆಯಾಗಿ ಎರಡು ವರ್ಷ ತುಂಬುವ ಮುಂಚೆ ಗಂಡ ಕಾಲರಾದಿಂದ ತೀರಿಕೊಂಡರು, ಕೈಯಲ್ಲಿ ಒಂದು ಹೆಣ್ಣು ಮಗು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ವಿಧವೆಯರಿಗೂ ಅನಾಥ ಹುಡುಗಿಯರಿಗೂ "ಮುಕ್ತಿ" ಆಶ್ರಮ ನಡೆಸಿದರು. 1905ರಲ್ಲಿ ಅಲ್ಲಿ ಆತ್ಮನ ದೊಡ್ಡ ಉಜ್ಜೀವನ ಆಯಿತು. ಪೆಂತೆಕೊಸ್ತ್ ಚರಿತ್ರೆ ಓದುವವರಿಗೆ ಅದು ಗೊತ್ತು.

ನಾವು 1905ಕ್ಕೆ ಕಥೆ ನಿಲ್ಲಿಸಿಬಿಡುತ್ತೇವೆ. ಅದರ ನಂತರ? ಆ ತಾಯಿ ಇನ್ನೂ ಹದಿನೇಳು ವರ್ಷ ಬದುಕಿದರು. ಹೀಬ್ರೂ, ಗ್ರೀಕ್ ಕಲಿತು ಸಾಮಾನ್ಯ ಹೆಂಗಸರಿಗೂ ಅರ್ಥವಾಗುವ ಹಾಗೆ ಬೈಬಲನ್ನು ಮರಾಠಿಗೆ ಅನುವಾದ ಮಾಡುತ್ತಾ ಕೂತರು. ಕೆಲಸ ಮುಂದುವರಿಸಬೇಕಾಗಿದ್ದ ಒಬ್ಬಳೇ ಮಗಳು ಮನೋರಮಾ 1921ರಲ್ಲಿ ತೀರಿಕೊಂಡಳು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ರಮಾಬಾಯಿಯವರೂ ಕರ್ತನ ಬಳಿಗೆ ಹೋದರು. ಅಷ್ಟರೊಳಗೆ ಅನುವಾದದ ಕೆಲಸ ಮುಗಿಸಿದ್ದರು. ಉಜ್ಜೀವನದ ಬೆಂಕಿ ಇದ್ದ ದಿನವೂ ಆಕೆ ಕ್ರಿಸ್ತನ ಪಾಲುಗಾರಳು. ಮಗಳನ್ನು ಕಳಕೊಂಡು ಮೇಜಿನ ಮುಂದೆ ಕೂತ ದಿನವೂ ಅಷ್ಟೇ ಪಾಲುಗಾರಳು. ಒಂದು ಚೂರೂ ಕಡಿಮೆ ಇಲ್ಲ.

ಆ ತಮ್ಮನ ವಿಷಯ ಕೇಳಬಹುದು. ಅಪ್ಪನಿಗೆ ಡಯಾಲಿಸಿಸ್ ಇನ್ನೂ ನಡೀತಾ ಇದೆ. ಶಿಫ್ಟ್ ಬದಲಾಗಿಲ್ಲ. ಅವನ ಅಪ್ಪನ ಸ್ವಸ್ಥತೆಗಾಗಿ ನಾವು ಪ್ರಾರ್ಥಿಸುತ್ತಲೇ ಇದ್ದೇವೆ, ದೇವರು ಸ್ವಸ್ಥಪಡಿಸಲು ಶಕ್ತನು ಅಂತ ನಂಬುತ್ತೇವೆ. ಆದರೆ ಕೆಲಸ, ವೀಸಾ, ಮದುವೆ ನಾವು ಕೇಳಿದ ತಾರೀಕಿಗೆ ಬಂದರೆ ಮಾತ್ರ ದೇವರು ನಂಬಿಗಸ್ತನು ಅಂತ ಬೈಬಲ್ ಹೇಳುವುದಿಲ್ಲ. ಅವನು ಈಗ ಶಿಫ್ಟ್ ಮುಗಿಸಿಕೊಂಡು ನೇರ ಭಾನುವಾರದ ಆರಾಧನೆಗೆ ಬರುತ್ತಾನೆ. ಪ್ರಸಂಗದ ಮಧ್ಯೆ ಕೆಲವು ಸಲ ತೂಕಡಿಸುತ್ತಾನೆ. ನನಗೆ ಬೇಜಾರಿಲ್ಲ. ತಂದೆಯ ಮನೆಯಲ್ಲಿ ಮಗ ನಿದ್ದೆಹೋದರೆ ತಪ್ಪೇನು?

5. ಬಿದ್ದುಹೋದಾಗ

ಇನ್ನು ಕೆಲವರ ಪ್ರಶ್ನೆ ಬೇರೆ. "ನನಗೆ ದಣಿವಲ್ಲ ಪಾಸ್ಟರ್, ನಾನು ಪಾಪ ಮಾಡಿದ್ದೇನೆ." ರಾತ್ರಿ ಫೋನಿನಲ್ಲಿ ನೋಡಿದ್ದು, ಆಫೀಸ್ ಪಾರ್ಟಿಯಲ್ಲಿ ನಡೆದದ್ದು, ಮನೆಯವರಿಗೆ ಹೇಳಿದ ಸುಳ್ಳು. ಇಲ್ಲಿ ವೈರಿ ಎರಡು ಸುಳ್ಳು ಹೇಳುತ್ತಾನೆ. ಬೀಳುವ ಮುಂಚೆ, "ಇದೇನು ಮಹಾ." ಬಿದ್ದ ಮೇಲೆ, "ನಿನಗೆ ಇನ್ನು ದಾರಿಯಿಲ್ಲ."

ಎರಡಕ್ಕೂ ಉತ್ತರ ದೇವರ ನಂಬಿಗಸ್ತಿಕೆಯೇ. ಬೀಳುವ ಮುಂಚೆ 1 ಕೊರಿಂಥ 10:13: ದೇವರು ನಂಬಿಗಸ್ತನಾದ್ದರಿಂದ ನಮ್ಮ ಶಕ್ತಿ ಮೀರಿದ ಶೋಧನೆಗೆ ನಮ್ಮನ್ನು ಬಿಡುವುದಿಲ್ಲ, ತಪ್ಪಿಸಿಕೊಳ್ಳುವ ಬಾಗಿಲನ್ನೂ ಇಡುತ್ತಾನೆ. ಬಾಗಿಲು ಇದೆ, ಅದರ ಮೂಲಕ ಓಡುವುದು ನಮ್ಮ ಕೆಲಸ. ಬಿದ್ದ ಮೇಲೆ 1 ಯೋಹಾನ 1:9: ಪಾಪವನ್ನು ಒಪ್ಪಿಕೊಂಡರೆ ಕ್ಷಮಿಸಲು ಆತನು ನಂಬಿಗಸ್ತನು, ನೀತಿವಂತನು. ಯೋಹಾನನು ಇಲ್ಲಿ "ಕರುಣೆಯುಳ್ಳವನು" ಅಂತ ಬರೆಯಬಹುದಿತ್ತು. "ನೀತಿವಂತನು" ಅಂತ ಯಾಕೆ? ಕ್ರಿಸ್ತನು ಆ ಸಾಲವನ್ನು ಆಗಲೇ ತೀರಿಸಿದ್ದಾನೆ. ಒಂದೇ ಸಾಲವನ್ನು ಎರಡು ಸಲ ವಸೂಲಿ ಮಾಡುವುದು ಅನ್ಯಾಯ. ನಮ್ಮ ದೇವರು ಅನ್ಯಾಯಗಾರನಲ್ಲ.

ಆದರೆ ಅದೇ ಅಧ್ಯಾಯದ ಆರನೇ ವಚನವನ್ನು ಹಾರಿಸಿಬಿಡಬೇಡಿ. ಕತ್ತಲೆಯಲ್ಲೇ ನಡೆಯುತ್ತಾ "ನನಗೆ ಅನ್ಯೋನ್ಯತೆ ಇದೆ" ಅನ್ನುವವನು ಸುಳ್ಳುಗಾರ. ಬಿದ್ದು ಬೆಳಕಿಗೆ ಬರುವವನು ಬೇರೆ, ಕತ್ತಲೆಯಲ್ಲಿ ಮನೆ ಕಟ್ಟಿಕೊಂಡವನು ಬೇರೆ. ದೇವರ ನಂಬಿಗಸ್ತಿಕೆ ಪಾಪಕ್ಕೆ ಲೈಸೆನ್ಸ್ ಅಲ್ಲ. ಅದು ಮನೆಗೆ ಬರುವ ದಾರಿ.

6. ಒಂದೇ ರೊಟ್ಟಿ

ಕೊನೆಯದಾಗಿ 1 ಕೊರಿಂಥ 10:16-17. ನಾವು ಮುರಿಯುವ ರೊಟ್ಟಿ ಕ್ರಿಸ್ತನ ದೇಹದಲ್ಲಿ ಕೊಯಿನೋನಿಯ, ಅಂದರೆ ಪಾಲು. ರೊಟ್ಟಿ ಒಂದೇ ಆದ್ದರಿಂದ ಅನೇಕರಾದ ನಾವೂ ಒಂದೇ ದೇಹ. ಕ್ರಿಸ್ತನ ಜೊತೆ ಪಾಲು ಬೇಕು, ಪಕ್ಕದ ಕುರ್ಚಿಯವನ ಜೊತೆ ಬೇಡ ಅನ್ನೋಕಾಗಲ್ಲ. ಬೆಂಗಳೂರಿನಲ್ಲಿ ಯೂಟ್ಯೂಬ್‌ನಲ್ಲೇ ಸಭೆ ಮುಗಿಸುವವರು ಬಹಳ ಇದ್ದಾರೆ. ಪ್ರಸಂಗ ಅಲ್ಲಿ ಸಿಗುತ್ತೆ. ಆದರೆ ನಿಮ್ಮ ಕೈ ಸೋತಾಗ ಹಿಡಿದುಕೊಳ್ಳುವ ಆರೋನ, ಹೂರ ಸ್ಕ್ರೀನ್‌ನಿಂದ ಎದ್ದು ಬರುವುದಿಲ್ಲ. ದೇವರು ತನ್ನ ನಂಬಿಗಸ್ತಿಕೆಯನ್ನು ಬಹಳ ಸಲ ಒಬ್ಬ ಸಹೋದರನ, ಒಬ್ಬ ಸಹೋದರಿಯ ಕೈಯಿಂದಲೇ ನಮಗೆ ಮುಟ್ಟಿಸುತ್ತಾನೆ.

ಈ ವಾರ ಮೂರು ಕೆಲಸ ಮಾಡಿ. ಒಂದು, ಬೆಳಿಗ್ಗೆ ಫೋನ್ ನೋಡುವ ಮುಂಚೆ "ಕರ್ತನೇ, ನನ್ನನ್ನು ಕರೆದವನು ನೀನು, ನೀನು ನಂಬಿಗಸ್ತನು" ಅಂತ ಬಾಯಿಬಿಟ್ಟು ಹೇಳಿ. ಏನಾದರೂ ಅನ್ನಿಸಿದರೂ ಹೇಳಿ, ಅನ್ನಿಸದಿದ್ದರೂ ಹೇಳಿ. ಎರಡು, ಮುಚ್ಚಿಟ್ಟ ಪಾಪ ಇದ್ದರೆ ದೇವರ ಮುಂದೆ ಒಪ್ಪಿಕೊಳ್ಳಿ. ಜೊತೆಗೆ, ನಂಬಿಕೆಗೆ ಯೋಗ್ಯರಾದ ಒಬ್ಬ ಹಿರಿಯ ವಿಶ್ವಾಸಿಯ ಹತ್ತಿರ ಮಾತಾಡಿ, ತಮ್ಮಂದಿರು ಒಬ್ಬ ಅಣ್ಣನ ಹತ್ತಿರ, ತಂಗಿಯರು ಒಬ್ಬ ಅಕ್ಕನ ಹತ್ತಿರ. ಮೂರು, ಎರಡು ಮೂರು ವಾರದಿಂದ ಕೂಟಕ್ಕೆ ಬಾರದ ಒಬ್ಬರ ಹೆಸರು ನಿಮ್ಮ ಮನಸ್ಸಿಗೆ ಈಗ ಬರುತ್ತಾ ಇದೆ ಅಲ್ವಾ? ಅವರಿಗೆ ಮೆಸೇಜ್ ಬೇಡ, ಕಾಲ್ ಮಾಡಿ. "ಯಾಕೆ ಬಂದಿಲ್ಲ" ಅಂತ ವಿಚಾರಣೆ ಮಾಡಬೇಡಿ. "ಊಟ ಆಯ್ತಾ, ಹೇಗಿದ್ದೀರಿ" ಅಂತ ಕೇಳಿ. ಬರುವ ಭಾನುವಾರ ಕರ್ತನ ಮೇಜಿದೆ, ಅವರನ್ನೂ ಕರಕೊಂಡು ಬನ್ನಿ.

ಕಣ್ಣು ಮುಚ್ಚಿ ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ಸಾಲ ಬಿಟ್ಟು ಬೇರೇನೂ ತರದ ನಮ್ಮನ್ನು ನಿನ್ನ ಮಗನ ಪಾಲುಗಾರರಾಗಿ ಕರೆದೆ, ನಿನಗೆ ಸ್ತೋತ್ರ. ಇಲ್ಲಿ ದಣಿದು ಕೂತವರನ್ನು ನೋಡು. ನಾಚಿಕೆಯಿಂದ ಹಿಂದಿನ ಸಾಲಿನಲ್ಲಿ ಕೂತವರನ್ನು ನೋಡು. ಊರಲ್ಲಿ ಕಾಯಿಲೆಯಾಗಿ ಮಲಗಿರುವ ನಮ್ಮ ಅಪ್ಪ ಅಮ್ಮಂದಿರನ್ನು ಮುಟ್ಟು. ನಮ್ಮ ಹಿಡಿತ ಸಡಿಲವಾದರೂ ನಿನ್ನ ಹಿಡಿತ ಸಡಿಲವಾಗುವುದಿಲ್ಲ ಎಂದು ನಂಬುತ್ತೇವೆ. ಪವಿತ್ರಾತ್ಮನೇ, ನಮ್ಮನ್ನು ಬೆಳಕಿನಲ್ಲಿ ನಡೆಸು, ಒಬ್ಬರ ಕೈ ಒಬ್ಬರು ಹಿಡಿಯುವಂತೆ ಮಾಡು. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.